ವೆಬ್‌ಸೈಟ್ ಕೊಳ್ಳುವ ಮುಂಚೆ ಟೈಲರ್ ಅಂಗಡಿಗೆ ಹೋದೆ

2025ರ ಜೂನ್‌ಗೆ ನಾನು ಕೊಂಡ, ಜಾಹೀರಾತಿನಿಂದ ದುಡ್ಡು ಬರುವ ಹೊಲಿಗೆ ಮಷಿನ್ ಲೇಖನಗಳ ವೆಬ್‌ಸೈಟಿಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬಂತು. ಹತ್ತಿರ ಹತ್ತಿರ 26 ತಿಂಗಳು ಹಿಡಿಯಿತು. ಕೊಳ್ಳುವಾಗ ಒಬ್ಬರೂ ಒಪ್ಪಿರಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಬ್ಲಾಗ್ ಮಾಡುವ ಗೆಳೆಯರು 'ಅಷ್ಟು ದುಡ್ಡಲ್ಲಿ ಹೊಸದೇ ಐದು ಸೈಟ್ ಮಾಡಬಹುದಲ್ಲ' ಅಂದರು. ಶಿರಸಿಯ ನಮ್ಮ ಭಾವ ಅಡಿಕೆ ಫಸಲುಗುತ್ತಿಗೆ ಹಿಡಿಯುವವರು, ಅಂದರೆ ಮರದಲ್ಲಿರುವಾಗಲೇ ಬೆಳೆ ಕೊಳ್ಳುವವರು. 'ಮರದ ಮೇಲಿರೋ ಅಡಿಕೆ ಗೊನೆನಾದ್ರೂ ಕಣ್ಣಿಗೆ ಕಾಣತ್ತೆ ಮಾರಾಯ, ಇದರಲ್ಲಿ ಏನು ಕಾಣತ್ತೆ ಅಂತ ಮೂರು ಲಕ್ಷ ಕೊಡ್ತೀಯ?' ಅಂತ ಕೇಳಿದರು. ಹೆಂಡತಿ ಏನೂ ಹೇಳಲಿಲ್ಲ. ಅದು ಇನ್ನೂ ಕಷ್ಟ.

ಅವರದ್ದೂ ತಪ್ಪಲ್ಲ. ಅಷ್ಟರೊಳಗೆ ನಾನು ಎರಡು ಸಲ ಕೈ ಸುಟ್ಟುಕೊಂಡಿದ್ದೆ.

ಮೊದಲನೆಯದು ಗಿಫ್ಟ್ ಐಡಿಯಾಗಳ ಸೈಟು. ತಿಂಗಳಿಗೆ ಏಳು ಸಾವಿರ ಬರುತ್ತದೆ ಅಂತ ಮಾರುವವರು ಅಂದರು, 1,40,000 ಕೊಟ್ಟೆ. ತಿಂಗಳ ಲಾಭದ 20 ಪಟ್ಟು ಬೆಲೆಗೆ ಸಿಕ್ಕಿತು ಅಂತ ಖುಷಿಯೋ ಖುಷಿ. ಮೂರನೇ ತಿಂಗಳು ಬಂದದ್ದು 2,200. ಅವರು ತೋರಿಸಿದ್ದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಸರಾಸರಿ. ಗಿಫ್ಟ್ ಕೊಳ್ಳುವವರೂ ಆಗಲೇ ಜಾಸ್ತಿ, ಜಾಹೀರಾತಿನ ರೇಟೂ ಆಗಲೇ ಜಾಸ್ತಿ. ಜನವರಿಯಲ್ಲಿ ಎರಡೂ ಒಟ್ಟಿಗೆ ಬೀಳುತ್ತವೆ. ಇಷ್ಟು ಗೊತ್ತಿದ್ದೂ ನಾನು ಹನ್ನೆರಡು ತಿಂಗಳ ಲೆಕ್ಕ ಕೇಳಲಿಲ್ಲ. ಆಮೇಲೆ ಕೂತು ನೋಡಿದರೆ, ಸೈಟಿಗೆ ಬಂದವರನ್ನೆಲ್ಲ ಎಣಿಸುವ ಅನಲಿಟಿಕ್ಸ್‌ನಲ್ಲಿ ದಿನಕ್ಕೆ 600 ಜನ, ಗೂಗಲ್ ಹುಡುಕಾಟದಿಂದ ಬಂದದ್ದನ್ನು ಮಾತ್ರ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ 90 ಕ್ಲಿಕ್. ಉಳಿದವರು ಎಲ್ಲಿಂದ ಬಂದರು? ದುಡ್ಡು ಕೊಟ್ಟು ತರಿಸಿದ ಟ್ರಾಫಿಕ್ಕು. ಕೊನೆಗೆ 35,000ಕ್ಕೆ ಮಾರಿ ಕೈತೊಳೆದುಕೊಂಡೆ.

ಎರಡನೆಯದನ್ನು ಹೇಳಲು ನಾಚಿಕೆ. 45,000 ಕೊಟ್ಟು ಹಳೇ ಡೊಮೇನ್ (ವೆಬ್ ವಿಳಾಸ) ಇರುವ ಸೈಟ್ ತಗೊಂಡೆ. ಸೈಟುಗಳ ಹಳೇ ರೂಪ ತೋರಿಸುವ ವೇಬ್ಯಾಕ್ ಮಷಿನ್‌ನಲ್ಲಿ ಐದು ನಿಮಿಷ ಹಿಂದಕ್ಕೆ ಹೋಗಿದ್ದರೆ ಸಾಕಿತ್ತು. ನಡುವೆ ಎರಡು ವರ್ಷ ಅದು ಜೂಜಿನ ಪುಟವಾಗಿತ್ತು.

ಹೊಲಿಗೆ ಮಷಿನ್ ಸೈಟ್ ಕಣ್ಣಿಗೆ ಬಿದ್ದದ್ದು 2023ರ ಶುರುವಿನಲ್ಲಿ. ಮಾರುವವರು ಅಮೆರಿಕದ ಒಬ್ಬ ವಯಸ್ಸಾದ ಹೆಂಗಸು. ಸುಮಾರು 140 ಲೇಖನ. ತಿಂಗಳಿಗೆ 135 ಡಾಲರ್ ಲಾಭ, 36 ಪಟ್ಟು ಕೇಳುತ್ತಿದ್ದರು. ಈ ಸಲ ಸ್ಕ್ರೀನ್‌ಶಾಟ್ ಒಂದನ್ನೂ ನೋಡುವುದಿಲ್ಲ ಅಂತ ನಿರ್ಧಾರ ಮಾಡಿದ್ದೆ. ಬ್ರೌಸರಿನಲ್ಲಿ ಇನ್‌ಸ್ಪೆಕ್ಟ್ ಒತ್ತಿ 135 ಅನ್ನು 1,350 ಮಾಡಲು ಅರ್ಧ ನಿಮಿಷ ಬೇಡ. ಸ್ಕ್ರೀನ್ ಶೇರ್ ಮಾಡಿಸಿ, ಪುಟ ರಿಫ್ರೆಶ್ ಮಾಡಿಸುತ್ತೇನೆ. ಗೂಗಲ್ ಜಾಹೀರಾತಿನ ದುಡ್ಡು ಬರುವ ಆಡ್‌ಸೆನ್ಸ್‌ನ ಮುಖಪುಟದಲ್ಲಿ ಕಾಣುವುದು ಬರೀ ಅಂದಾಜು ಮೊತ್ತ. ಪೇಮೆಂಟ್ಸ್ ಒಳಗೆ ಟ್ರಾನ್ಸಾಕ್ಷನ್ಸ್ ತೆರೆಸಿ. ಇನ್‌ವ್ಯಾಲಿಡ್ ಟ್ರಾಫಿಕ್ (ಲೆಕ್ಕಕ್ಕೆ ಬಾರದ ಕ್ಲಿಕ್) ಅಂತ ದುಡ್ಡು ಕಡಿತವಾಗಿದ್ದರೆ ಅಲ್ಲಿ ಸಿಗುತ್ತದೆ. ಆ ಅಮ್ಮನಿಗೆ ಸ್ಕ್ರೀನ್ ಶೇರ್ ಬಟನ್ ಹುಡುಕಲು 20 ನಿಮಿಷ ಬೇಕಾಯಿತು. ನಿಜ ಹೇಳಬೇಕೆಂದರೆ ನನಗೆ ಅಲ್ಲೇ ಅರ್ಧ ನಂಬಿಕೆ ಬಂದಿತ್ತು.

ಸರ್ಚ್ ಕನ್ಸೋಲ್‌ಗೆ ನನ್ನನ್ನು ಸೇರಿಸಿಕೊಳ್ಳಿ ಅಂದೆ, ಸೇರಿಸಿದರು. ಅಲ್ಲಿ 16 ತಿಂಗಳ ಡೇಟಾ ಸಿಗುತ್ತದಲ್ಲ, ಎಲ್ಲ ಶೀಟಿಗೆ ಇಳಿಸಿದೆ. ಗಿಫ್ಟ್ ಸೈಟಿನಲ್ಲಿ ಒಂದೇ ಪುಟಕ್ಕೆ 70 ಪರ್ಸೆಂಟ್ ಕ್ಲಿಕ್ ಬರುತ್ತಿತ್ತು. ಇಲ್ಲಿ ಅತಿ ಹೆಚ್ಚು ಕ್ಲಿಕ್ ಬರುವ ಪುಟಕ್ಕೂ 14 ಪರ್ಸೆಂಟ್ ಅಷ್ಟೇ, ಮೊದಲ ಹತ್ತು ಪುಟ ಸೇರಿ ಅರ್ಧದಷ್ಟು. ಒಂದು ಪುಟ ಬಿದ್ದರೂ ಸೈಟ್ ಉಳಿಯುತ್ತದೆ. ಆಮೇಲೆ ಆ ಶೀಟಿನಲ್ಲಿ ಇನ್ನೂ ಒಂದು ಕಾಲಂ ಹಾಕಿ ಒಂದು ಭಾಗಾಕಾರ ಮಾಡುತ್ತೇನೆ. ಅದು ಇಲ್ಲಿ ಬೇಡ. ಅದರಿಂದಲೇ ಈವರೆಗೆ ಹನ್ನೊಂದು ಸೈಟ್ ಬಿಟ್ಟಿದ್ದೇನೆ.

ಅಂಕಿ ಎಲ್ಲ ಸರಿ ಇತ್ತು. ಬರೆದದ್ದು ಸರಿಯೋ ಅನ್ನುವುದೊಂದು ಉಳಿಯಿತು. ನನಗೆ ಗುಂಡಿ ಹೊಲಿಯಲೂ ಬರುವುದಿಲ್ಲ. ಲ್ಯಾಪ್‌ಟಾಪ್ ಹಿಡಿದು ನಮ್ಮ ಬೀದಿಯ ಟೈಲರ್ ಹತ್ತಿರ ಹೋದೆ. ಬಟ್ಟೆಯ ಕೆಳಗೆ ದಾರ ಗಂಟು ಗಂಟಾದರೆ ಏನು ಮಾಡಬೇಕು ಅನ್ನುವ ಲೇಖನ ಓದಿ ಹೇಳಿದೆ. ಬಾಬಿನ್ (ಕೆಳಗಿನ ದಾರದ ಉರುಳೆ) ಬಿಚ್ಚಬೇಡಿ, ಮೇಲಿನ ದಾರ ತೆಗೆದು ಮತ್ತೆ ಪೋಣಿಸಿ, ಪೋಣಿಸುವಾಗ ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫುಟ್ ಎತ್ತಿರಲಿ ಅಂತ ಬರೆದಿತ್ತು. ಟೈಲರ್ ನಕ್ಕರು. 'ಹೊಸಬರೆಲ್ಲ ಬಾಬಿನ್ನೇ ತಿರುವುತ್ತಾರೆ ಸರ್. ಫುಟ್ ಎತ್ತದಿದ್ರೆ ಟೆನ್ಷನ್ ಡಿಸ್ಕ್ ಒಳಗೆ ದಾರ ಕೂರೋದೇ ಇಲ್ಲ. ಇದನ್ನ ಬರೆದವರು ಮಷಿನ್ ಮೇಲೆ ಕೂತವರು' ಅಂದರು. ಇನ್ನೂ ಏಳೆಂಟು ಲೇಖನ ಕೇಳಿಸಿದೆ. ಒಂದರಲ್ಲಿ ಮಾತ್ರ ಸೂಜಿ ನಂಬರ್ ತಪ್ಪು ಅಂದರು. ಎರಡು ಟೀ, ಒಂದು ಬನ್ ಖರ್ಚು. ನನ್ನ ಪ್ರಕಾರ ಯಾವ ಟೂಲೂ ಇಷ್ಟು ಹೇಳುವುದಿಲ್ಲ.

ಬೆಲೆ ಇಳಿಸಲು ಒಂದೇ ಮಾತು ಸಾಕಾಯಿತು. ಆಕೆ ತಿಂಗಳಿಗೆ ಹತ್ತು ಗಂಟೆ ತಾನೇ ಬರೆಯುತ್ತಿದ್ದರು, ಆ ಕೂಲಿ ಲೆಕ್ಕದಲ್ಲಿ ಇರಲಿಲ್ಲ. 3,800 ಡಾಲರ್‌ಗೆ ಒಪ್ಪಿದರು, 28 ಪಟ್ಟು. ಆಗ ಸುಮಾರು 3,10,000 ರೂಪಾಯಿ. ಎಸ್ಕ್ರೊ (ಸೈಟ್ ಕೈಸೇರುವವರೆಗೆ ದುಡ್ಡು ಹಿಡಿದಿಡುವವರು), ಬ್ಯಾಂಕು, ಡಾಲರ್ ಬದಲಾವಣೆ ಅಂತ ಇನ್ನೊಂದು ಹತ್ತು ಹನ್ನೆರಡು ಸಾವಿರ ಹೋಯಿತು. ಡೊಮೇನನ್ನು ಅದು ನೋಂದಣಿಯಾಗಿದ್ದ ಕಂಪನಿ, ಅಂದರೆ ಅದೇ ರಿಜಿಸ್ಟ್ರಾರ್ ಒಳಗೆ ನನ್ನ ಖಾತೆಗೆ ಹಾಕಿಸಿಕೊಂಡೆ, ಬೇರೆ ಕಡೆ ಎಳೆಯುವ ಗೋಜಿಗೆ ಹೋಗಲಿಲ್ಲ. ಆಡ್‌ಸೆನ್ಸ್ ಖಾತೆ ಸೈಟಿನ ಜೊತೆ ಬರುವುದಿಲ್ಲ, ಗೊತ್ತಲ್ವಾ. ನನ್ನದರಲ್ಲಿ ಸೈಟ್ ಒಪ್ಪಿಗೆ ಆಗುವವರೆಗೆ 12 ದಿನ ಒಂದು ರೂಪಾಯಿಯೂ ಇಲ್ಲ. ಆ 12 ದಿನ ನಿದ್ದೆಯೂ ಇಲ್ಲ.

2023ರ ಸೆಪ್ಟೆಂಬರ್‌ನ ಉಪಯೋಗವಿಲ್ಲದ ಬರಹವನ್ನು ಹಿಂದಕ್ಕೆ ತಳ್ಳಲು ಗೂಗಲ್ ಮಾಡಿದ ಹೆಲ್ಪ್‌ಫುಲ್ ಕಂಟೆಂಟ್ ಅಪ್‌ಡೇಟ್ ಹೊತ್ತಿಗೆ ಕ್ಲಿಕ್ ಹತ್ತು ಪರ್ಸೆಂಟ್ ಇಳಿದು ನಿಂತಿತು. ಅದೇ ತಿಂಗಳು ಗೆಳೆಯನೊಬ್ಬನ ಸೈಟು ಅರ್ಧಕ್ಕರ್ಧ ಹೋಯಿತು. ಟೈಲರಿಗೆ ಒಂದು ಬಾಕ್ಸ್ ಪೇಢೆ ಕೊಟ್ಟು ಬಂದೆ. ಯಾಕೆ ಅಂತ ಅವರಿಗೆ ಅರ್ಥ ಆಗಲಿಲ್ಲ.

ನಡುವೆ ಸುಮ್ನೆ ಇರಲಾರದೆ ಇಪ್ಪತ್ತು ಲೇಖನ ಕನ್ನಡದಲ್ಲಿ ಬರೆಸಿದೆ. ಎಂಟು ಸಾವಿರ ಖರ್ಚು, ತಿಂಗಳಿಗೆ ನೂರೈವತ್ತು ಬಂದರೆ ಹೆಚ್ಚು. ಆದರೆ ಮೇಲ್ ಬರುವುದೆಲ್ಲ ಅದಕ್ಕೇ. ಒಬ್ಬರು ತಮ್ಮ ಕಾಲು ಮೆಟ್ಟುವ ಮಷಿನ್ ಬೆಲ್ಟಿನ ಫೋಟೋ ಕಳಿಸಿ, ಎಷ್ಟು ಕತ್ತರಿಸಲಿ ಅಂತ ಕೇಳಿದ್ದರು. ಆ ಕನ್ನಡ ಲೇಖನಗಳನ್ನು ತೆಗೆಯಲು ಮನಸ್ಸು ಬಂದಿಲ್ಲ. ದುಡ್ಡು ಹೆಚ್ಚಿಸಿದ್ದು ಬಟ್ಟೆ ಎಷ್ಟು ಬೇಕು ಅಂತ ಲೆಕ್ಕ ಹಾಕುವ ಒಂದು ಸಣ್ಣ ಪುಟ. ಈಗ ತಿಂಗಳಿಗೆ ಹದಿಮೂರು, ಒಳ್ಳೆಯ ತಿಂಗಳಲ್ಲಿ ಹದಿನಾಲ್ಕು ಸಾವಿರ ಉಳಿಯುತ್ತದೆ.

ಮೊನ್ನೆ ಭಾವನೇ ಫೋನ್ ಮಾಡಿ 'ಅಂಥದ್ದು ಇನ್ನೊಂದು ಇದ್ರೆ ನಂಗೂ ಪಾಲು ಇಡು' ಅಂದರು. ಅಕ್ವೇರಿಯಂ ಸೈಟ್ ಒಂದನ್ನು ನೋಡುತ್ತಿದ್ದೇನೆ. ಮೀನು ಅಂಗಡಿಯವನು ಸಿಕ್ಕಿದ್ದಾನೆ, ಮಾರುವವನು ಮಾತ್ರ ಸ್ಕ್ರೀನ್ ಶೇರ್‌ಗೆ ಇನ್ನೂ ಒಪ್ಪಿಲ್ಲ.