ಹುಣಸೆ ಪುಡಿ ಗಂಟು ಕಟ್ಟದಿರಲು ಮಾಲ್ಟೊಡೆಕ್ಸ್ಟ್ರಿನ್

ಹುಣಸೆ ರಸ ಒಣಗಿಸಿ ಪುಡಿ ಮಾಡೋಣ ಅಂದರೆ ಅದು ಸುಮ್ನೆ ಬಗ್ಗುವುದಿಲ್ಲ. ಅದರಲ್ಲಿರುವ ಹುಳಿ, ಸಕ್ಕರೆ ಎರಡೂ ಗಾಳಿಯ ತೇವ ಎಳೆದುಕೊಂಡು ಮತ್ತೆ ಅಂಟಾಗುತ್ತವೆ. ನಮ್ಮ ಸಿಂಧನೂರಿನ ಏಪ್ರಿಲ್ ಬಿಸಿಲಿಗೂ ಜಗ್ಗಲ್ಲ. ಮನೆಯಲ್ಲೇ ಮಂಡಾಳ (ಮಂಡಕ್ಕಿ) ಒಗ್ಗರಣೆ ಮಸಾಲೆ ಮಾಡಿ ಮಾರುವ ನಾನು ಇದಕ್ಕೆ ಮಾಲ್ಟೊಡೆಕ್ಸ್ಟ್ರಿನ್ ಬಳಸುತ್ತೇನೆ.

ಹೆಸರು ಕೇಳಿ ಹೆದರಬೇಡಿ. ಮೆಕ್ಕೆಜೋಳ, ಮರಗೆಣಸು ಇಲ್ಲವೇ ಅಕ್ಕಿಯ ಗಂಜಿ ಅಂಶವನ್ನು ಕಿಣ್ವದಿಂದಲೋ ಆಮ್ಲದಿಂದಲೋ ಅರೆಬರೆ ಒಡೆದರೆ ಸಿಗುವ ಬಿಳಿ ಪುಡಿ ಇದು. ನೀರಲ್ಲಿ ಕರಗುತ್ತದೆ, ಸಿಹಿ ಬಹಳ ಕಡಿಮೆ. ಕೊಳ್ಳುವಾಗ ಪ್ಯಾಕೆಟ್ ಮೇಲೆ ಫುಡ್ ಗ್ರೇಡ್ ಅಂತ ಇರಲಿ. ಜಿಮ್‌ನವರ ಫ್ಲೇವರ್ ಹಾಕಿದ ಡಬ್ಬಿ ಬೇಡ.

ನಾರು, ಬೀಜ ತೆಗೆದು ಸೋಸಿದ ಗಟ್ಟಿ ರಸ 1 ಕೆ.ಜಿ.ಗೆ 300 ಗ್ರಾಂ ನನ್ನ ಅಳತೆ. ಒಮ್ಮೆಗೇ ಸುರಿದರೆ ಗಂಟಾಗುತ್ತದೆ. ಜರಡಿಯಿಂದ ಉದುರಿಸುತ್ತಾ ಕಲಕಿ. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಮೇಲೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ, ಡ್ರೈಯರ್ ಇದ್ದರೆ ಇನ್ನೂ ವಾಸಿ. ಒಣಗಿದ ಹಾಳೆಯ ಒಂದು ಚೂರು ನೆರಳಲ್ಲಿ ಆರಿಸಿ ಮುರಿದು ನೋಡಿ. ಟಕ್ ಅಂದರೆ ಆಯಿತು, ಚರ್ಮದಂತೆ ಬಾಗಿದರೆ ಇನ್ನೂ ಒಣಗಬೇಕು. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಸಿಯಾದರೆ ಪುಡಿ ಮೆತ್ತಗಾಗಿ ಬ್ಲೇಡಿಗೆ ಹಿಡಿಯುತ್ತದೆ. ರುಬ್ಬಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ನಾನು ಈ ಕೆಲಸಕ್ಕೇ ಕೈ ಹಾಕಲ್ಲ.

ಜಾಸ್ತಿ ಹಾಕಿದರೆ ಪುಡಿ ಚೆನ್ನಾಗಿ ಉದುರುತ್ತದೆ, ಆದರೆ ಹುಳಿ ಸತ್ತುಹೋಗುತ್ತದೆ. ತೂಕ ಏರಿಸೋಕೆ ಸುರಿಯುವವರೂ ಇದ್ದಾರೆ, ಅದು ಮೋಸ.

ಶುಗರ್ ಇರುವ ಪಕ್ಕದ ಮನೆ ಅಕ್ಕ, "ಇದರಲ್ಲಿ ಸಕ್ಕರೆ ಹಾಕಿಲ್ಲ ಅಲ್ವಾ?" ಅಂತ ಕೇಳ್ತಾರೆ. ಹಾಕಿಲ್ಲ ನಿಜ. ಆದರೆ ಮಾಲ್ಟೊಡೆಕ್ಸ್ಟ್ರಿನ್‌ನಲ್ಲೂ ಸಕ್ಕರೆಯಂತೆ ಗ್ರಾಂಗೆ 4 ಕ್ಯಾಲೊರಿ, ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಒಗ್ಗರಣೆಗೆ ಬೀಳುವ ಒಂದು ಚಮಚದಲ್ಲಿ ಇರುವುದು ಸ್ವಲ್ಪವೇ, ಆದರೂ ಅವರಿಗೆ ಹೇಳಿಯೇ ಕೊಡುತ್ತೇನೆ. ಶುಗರ್ ಫ್ರೀ ಅಂತ ಬರುವ ಎಷ್ಟೋ ಪುಟ್ಟ ಪೊಟ್ಟಣಗಳಲ್ಲೂ ಇದೇ ಇರುತ್ತದೆ, ಹಿಂದೆ ತಿರುಗಿಸಿ ಓದಿ.

ಮಾರುವುದಾದರೆ ಲೇಬಲ್ ಮೇಲೆ ತೂಕ ಹೆಚ್ಚಿರುವ ಪದಾರ್ಥ ಮೊದಲು ಬರಬೇಕು. ಹುಣಸೆಯ ಒಣ ಅಂಶಕ್ಕಿಂತ ಮಾಲ್ಟೊಡೆಕ್ಸ್ಟ್ರಿನ್ ತೂಕ ಹೆಚ್ಚಾದರೆ ಅದರ ಹೆಸರೇ ಮೇಲೆ.