ಚಕ್ರದ ಔಟ್ ತೆಗೆಯಲು ನಾನು ಆರಿಸಿಕೊಂಡ ಪಾನಾ

ಕಳೆದ ಮಳೆಗಾಲದ ಒಂದು ಭಾನುವಾರ. ಖಡಕ್‌ವಾಸ್ಲಾದಿಂದ ಸೈಕಲ್ಲಿನಲ್ಲಿ ವಾಪಸ್ ಬರುತ್ತಿದ್ದೆ. ಸಿಂಹಗಡ ರಸ್ತೆಯಲ್ಲಿ ನೀರು ತುಂಬಿದ್ದ ಗುಂಡಿ ಕಾಣಲಿಲ್ಲ, ಮುಂದಿನ ಚಕ್ರ ದಡಕ್ಕನೆ ಇಳಿಯಿತು. ಪಂಚರ್ ಆಗಲಿಲ್ಲ. ಆದರೆ ಕರ್ವೆನಗರದ ಮನೆ ಮುಟ್ಟುವವರೆಗೂ ಸುತ್ತಿಗೊಮ್ಮೆ ರಿಮ್ ಬ್ರೇಕಿನ ರಬ್ಬರಿಗೆ ಉಜ್ಜುತ್ತಲೇ ಇತ್ತು. ರಿಮ್ ಹೀಗೆ ಪಕ್ಕಕ್ಕೆ ವಾಲಿದರೆ ಪುಣೆಯಲ್ಲಿ ಚಕ್ರ ‘ಔಟ್’ ಆಗಿದೆ ಅಂತಾರೆ. ಅಂಗಡಿಗೆ ಹೋಗಿ "ಆಊಟ್ ಕಾಢಾಯ್ಚಾ ಆಹೆ" (ಔಟ್ ತೆಗೆಯಬೇಕು) ಅಂದರೆ ಸಾಕು.

ಹಿಂದೊಮ್ಮೆ ಅಂಗಡಿಗೆ ಕೊಟ್ಟಿದ್ದೆ, ನಾಲ್ಕೇ ದಿನಕ್ಕೆ ಮತ್ತೆ ಔಟ್. ಈ ಸಲ ನಾನೇ ಕಲಿಯಬೇಕು ಅಂತ ನಿರ್ಧರಿಸಿದೆ.

ಮೊದಲು ತಂದದ್ದು ಬಿಸ್ಕತ್ತಿನಂತೆ ದುಂಡಗಿರುವ ಅಗ್ಗದ ಪಾನಾ, ಅಂದರೆ ಸ್ಪ್ಯಾನರ್. ಸುತ್ತಲೂ ಬೇರೆ ಬೇರೆ ಅಳತೆಯ ಕಚ್ಚುಗಳಿರುತ್ತವೆ, ಎಲ್ಲ ಸೈಕಲ್ಲಿಗೂ ಆಗುತ್ತದೆ ಅಂತ ಮಾರುತ್ತಾರೆ. ಚಕ್ರದ ಕಡ್ಡಿಯನ್ನು (ಸ್ಪೋಕ್) ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟೇ ನಿಪ್ಪಲ್, ಅದನ್ನು ಬಿಗಿ ಸಡಿಲ ಮಾಡಿಯೇ ಔಟ್ ತೆಗೆಯುವುದು. ಸುಮಾರಾಗಿ ಕೂತ ಕಚ್ಚನ್ನು ನಿಪ್ಪಲ್‌ಗೆ ಹಾಕಿ ತಿರುಗಿಸಿದೆ. ಮೂರನೇ ಕಡ್ಡಿಗೆ ಪಾನಾ ಜಾರಿತು. ನೋಡಿದರೆ ಹಿತ್ತಾಳೆಯ ನಿಪ್ಪಲ್ಲಿನ ಮೂಲೆಗಳು ಸವೆದು ದುಂಡಗಾಗಿದ್ದವು. ಇನ್ನೊಂದು ನಿಪ್ಪಲ್ಲಿಗೂ ಹಾಗೇ ಆಯಿತು. ಒಮ್ಮೆ ದುಂಡಗಾದರೆ ಆ ಕಡ್ಡಿಯನ್ನು ಹೊರಗಿನಿಂದ ಬಿಗಿ ಮಾಡಲು ಬರುವುದಿಲ್ಲ. ಟೈರು, ಟ್ಯೂಬು, ರಿಮ್ಮಿನ ಪಟ್ಟಿ ಎಲ್ಲ ಬಿಚ್ಚಿ, ಒಳಗಿನಿಂದ ಸ್ಕ್ರೂಡ್ರೈವರ್ ಹಾಕಿ ನಿಪ್ಪಲ್ ಬದಲಿಸಬೇಕು. ಅಷ್ಟೂ ಮಾಡಿದೆ.

ನಮ್ಮ ಕಟ್ಟಡದಲ್ಲಿ ಬೆಳಗಾವಿ ಕಡೆಯ ಕಾಕಾ ಒಬ್ಬರಿದ್ದಾರೆ. ಪಿಂಪ್ರಿಯ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾನು ಪಾರ್ಕಿಂಗಿನಲ್ಲಿ ಕೂತಿದ್ದನ್ನು ನೋಡಿ ಬಂದರು. ಪಾನಾ ಕೈಗೆ ತಗೊಂಡು ಬೆಳಕಿಗೆ ಹಿಡಿದರು.

"ತಮ್ಮಾ, ಅಳತಿ ನೋಡಿ ತಂದಿ ಏನು?"

"ಇಲ್ಲ ಕಾಕಾ, ಎಲ್ಲಕ್ಕೂ ಆಗುತ್ತೆ ಅಂದ್ರು."

"ಎಲ್ಲಾಕ್ಕೂ ಆಗೂದು ಯಾವುದಕ್ಕೂ ನೆಟ್ಟಗ ಆಗಂಗಿಲ್ಲ. ತಡಿ, ವರ್ನಿಯರ್ ತರ್ತೇನಿ."

ಸೂಕ್ಷ್ಮ ಅಳತೆಯ ಆ ಉಪಕರಣವನ್ನು ಸವೆಯದ ನಿಪ್ಪಲ್ಲಿನ ಎದುರುಬದುರಿನ ಎರಡು ಮಟ್ಟಸ ಬದಿಗಳ ನಡುವೆ ಹಿಡಿದು ಅಳೆದರು. 3.22 ಮಿ.ಮೀ. ಆಮೇಲೆ ನಾನು ಓದಿಕೊಂಡೆ. ಪಾರ್ಕ್ ಟೂಲ್ ಕಂಪನಿಯ ಸ್ಪೋಕ್ ಪಾನಾಗಳಿಗೆ ಬಣ್ಣದ ಗುರುತಿದೆ: ಕಪ್ಪು 3.23, ಹಸಿರು 3.30, ಕೆಂಪು 3.45 ಮಿ.ಮೀ. ಕಪ್ಪಿಗೂ ಹಸಿರಿಗೂ ವ್ಯತ್ಯಾಸ ಬರೀ 0.07, ನೋಟ್‌ಬುಕ್ಕಿನ ಸುಮಾರು ಒಂದು ಹಾಳೆಯಷ್ಟು ದಪ್ಪ, ಅಷ್ಟೇ. ಆದರೆ ಬಿಗಿಯಾದ ಕಡ್ಡಿಯ ಮೇಲೆ ಅಷ್ಟೇ ಸಡಿಲ ಸಾಕು, ಮೂಲೆ ಹೋಗುತ್ತದೆ. ನಾನು 3.23ರದ್ದನ್ನು ತರಿಸಿದೆ. ಅದು ನಿಪ್ಪಲ್ಲಿಗೆ ಹೋಗಿ ಕೂತಾಗ ಬೆರಳಿಗೇ ಗೊತ್ತಾಯಿತು, ಸ್ವಲ್ಪವೂ ಅಲುಗಾಟ ಇರಲಿಲ್ಲ.

ಚಕ್ರ ಕೂರಿಸಿ ತಿರುಗಿಸಿ ನೋಡುವ ಸ್ಟ್ಯಾಂಡ್ ಬೇಕಾ ಅಂತ ಬಹಳ ಯೋಚಿಸಿದೆ. ಹೊಸದಾಗಿ ಚಕ್ರ ಕಟ್ಟುವವರಿಗೆ ಅದು ಬೇಕು ಅಂತ ನನಗೂ ಅನಿಸುತ್ತದೆ. ಔಟ್ ತೆಗೆಯಲು ಮಾತ್ರ ಆದರೆ ಮುಂದಿನ ಚಕ್ರವನ್ನು ಹಿಡಿದಿರುವ ಸೈಕಲ್ಲಿನ ಫೋರ್ಕೇ ಸ್ಟ್ಯಾಂಡ್. ಸೈಕಲ್ ತಲೆಕೆಳಗೆ ನಿಲ್ಲಿಸಿ, ಫೋರ್ಕಿನ ಎರಡೂ ಕಾಲಿಗೆ ರಿಮ್ಮಿನ ಪಕ್ಕದಲ್ಲೇ ಕೇಬಲ್ ಟೈ ಕಟ್ಟಿದೆ. ಬಾಲವನ್ನು ರಿಮ್ಮಿಗೆ ತಾಗಿಯೂ ತಾಗದ ಹಾಗೆ ಕತ್ತರಿಸಿದೆ. ಚಕ್ರ ನಿಧಾನಕ್ಕೆ ತಿರುಗಿಸಿದರೆ ಎಲ್ಲಿ ಉಜ್ಜುತ್ತದೆ ಅನ್ನುವುದು ಕಿವಿಗೇ ಕೇಳಿಸುತ್ತದೆ.

ಒಂದು ಕಡೆ ನಾನು ತಪ್ಪಿದೆ, ನೀವೂ ತಪ್ಪಬಹುದು. ಟೈರಿನ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿ. ಸೈಕಲ್ ತಲೆಕೆಳಗಾದಾಗ ಟೈ ಕಟ್ಟಿದ ಜಾಗ ಚಕ್ರದ ಕೆಳಗಿರುತ್ತದೆ, ನಾವು ಚಕ್ರದ ನಡುವಿನ ಹಬ್ಬಿನ (hub) ಕಡೆಯಿಂದ ಬಗ್ಗಿ ನೋಡುತ್ತೇವೆ. ಆಗ ದಿಕ್ಕು ಉಲ್ಟಾ ಕಾಣುತ್ತದೆ. ಮೊದಲ ಹತ್ತು ನಿಮಿಷ ನಾನು ಔಟ್ ಜಾಸ್ತಿ ಮಾಡುತ್ತಿದ್ದೆ. ಟೈರಿನ ಹೊರಗಿನಿಂದ ಸ್ಕ್ರೂಡ್ರೈವರ್ ಹಿಡಿದಿದ್ದೇನೆ ಅಂತ ಕಲ್ಪಿಸಿಕೊಂಡರೆ ಗೊಂದಲ ಇರುವುದಿಲ್ಲ.

ರಿಮ್ ಎಡಕ್ಕೆ ವಾಲಿದ ಜಾಗದಲ್ಲಿ ಹಬ್ಬಿನ ಬಲಗಡೆಯ ಫ್ಲ್ಯಾಂಜಿಗೆ (ಕಡ್ಡಿಗಳು ಸಿಕ್ಕಿಕೊಳ್ಳುವ ಅಂಚು) ಹೋಗುವ ಕಡ್ಡಿ ಕಾಲು ಸುತ್ತು ಬಿಗಿ, ಎಡಗಡೆಯದು ಕಾಲು ಸುತ್ತು ಸಡಿಲ. ಅಷ್ಟೇ, ಮತ್ತೆ ತಿರುಗಿಸಿ ನೋಡುವುದು. ಅರ್ಧ ಸುತ್ತು ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಬೇಕಾದ್ದಕ್ಕಿಂತ ಸ್ವಲ್ಪ ಮುಂದೆ ಹೋಗಿ ಒಂಚೂರು ವಾಪಸ್ ತಿರುಗಿಸಿದರೆ ಕಡ್ಡಿ ತಿರುಚಿಕೊಂಡು ನಿಲ್ಲುವುದಿಲ್ಲ. ಶುರು ಮಾಡುವ ಮೊದಲು ಪ್ರತಿ ನಿಪ್ಪಲ್ಲಿಗೆ ಒಂದು ಹನಿ ಎಣ್ಣೆ. ಕೊನೆಗೆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಕೈಯಲ್ಲಿ ಹಿಂಡಿದೆ, ಟಿಂಗ್ ಟಿಂಗ್ ಎಂದು ಒಂದೆರಡು ಸದ್ದು ಬಂತು. ಮತ್ತೆ ತಿರುಗಿಸಿ ನೋಡಿ, ಉಳಿದದ್ದನ್ನು ಸರಿ ಮಾಡಿದೆ. ಒಂದೂವರೆ ಗಂಟೆ ಹಿಡಿಯಿತು. ಔಟ್ 1 ಮಿ.ಮೀ. ಒಳಗೆ ಬಂತು, ಬ್ರೇಕಿಗೆ ತಾಗಲಿಲ್ಲ.

ಹಿಂದಿನ ಚಕ್ರ ಬೇರೆ ಥರ. ಚೈನ್ ಇರುವ ಬದಿಯ ಕಡ್ಡಿಗಳು ಮೊದಲೇ ಜಾಸ್ತಿ ಬಿಗಿ ಇರುತ್ತವೆ, ಮೀಟಿದರೆ ಸದ್ದೂ ಏರು. ಅದು ತಪ್ಪಲ್ಲ. ಒಂದೇ ಬದಿಯ ಕಡ್ಡಿಗಳನ್ನಷ್ಟೇ ಒಂದಕ್ಕೊಂದು ಹೋಲಿಸಬೇಕು.

ಹೋದ ತಿಂಗಳು ಮಗಳ ಸೈಕಲ್ ತಂದು ನಿಲ್ಲಿಸಿಕೊಂಡೆ. ಕೈ ಕಪ್ಪು ಪಾನಾ ಕಡೆ ಹೋಯಿತು, ಅದು ನಿಪ್ಪಲ್ಲಿಗೆ ಹೋಗಲೇ ಇಲ್ಲ. ಮೇಲೆ ಹೋಗಿ ಕಾಕಾರ ಬಾಗಿಲು ತಟ್ಟಿ ವರ್ನಿಯರ್ ಇಸಕೊಂಡು ಬಂದೆ. 3.44 ಇತ್ತು. ಸೈಕಲ್ಲನ್ನು ಹಾಗೇ ನಿಲ್ಲಿಸಿ, ಕೆಂಪು ಪಾನಾ ಬರುವವರೆಗೆ ಕಾದೆ.