ಲಿನಕ್ಸ್ ಕರ್ನಲ್‌ಗೆ ಫಸ್ಟ್ ಪ್ಯಾಚ್ ಕಳ್ಸುದು ಹೇಗೆ
ಸುರತ್ಕಲ್, ನಿಟ್ಟೆ, ಮಣಿಪಾಲದಲ್ಲಿ ಓದ್ತಿರುವ ಮಕ್ಕಳೇ, ಓಪನ್ ಸೋರ್ಸ್ (ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ ಕೋಡ್) ಎಲ್ಲಿಂದ ಶುರು ಮಾಡುದು ಅಂತ ಗೊತ್ತಾಗದಿದ್ರೆ ಲಿನಕ್ಸ್ ಫೌಂಡೇಶನ್ ನೋಡಿ. 2007ರಲ್ಲಿ ಎರಡು ಸಂಸ್ಥೆ ಒಟ್ಟಾಗಿ ಆದದ್ದು, ಲಾಭಕ್ಕೆ ಅಲ್ಲ, ದೊಡ್ಡ ಕಂಪೆನಿಗಳು ಮೆಂಬರ್ ಆಗಿ ದುಡ್ಡು ಹಾಕ್ತವೆ, ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಅಲ್ಲಿಯೇ ಫೆಲೋ.

ಕರ್ನಲ್ ಅಂದ್ರೆ ಲಿನಕ್ಸ್‌ನ ತಿರುಳು, ಪ್ಯಾಚ್ ಅಂದ್ರೆ ಅದರ ಕೋಡಿಗೆ ನೀವು ಕಳ್ಸುವ ತಿದ್ದುಪಡಿ. ಮೊದ್ಲು ಅವರದ್ದೇ ಕರ್ನಲ್ ಬಿಗಿನರ್ ಕೋರ್ಸ್ ಮಾಡಿ, ಫ್ರೀ ಉಂಟು. ಮತ್ತೆ ಗಿಟ್‌ನಲ್ಲಿ (ಕೋಡಿನ ಬದಲಾವಣೆ ಲೆಕ್ಕ ಇಡುವ ಟೂಲ್) ಕರ್ನಲ್ ಸೋರ್ಸ್ ಕ್ಲೋನ್ ಮಾಡಿ, ಅಂದ್ರೆ ನಕಲು ಇಳಿಸಿ, ಸಣ್ಣದೊಂದು ತಪ್ಪು ಹುಡುಕಿ, ಸ್ಪೆಲ್ಲಿಂಗ್ ಆದ್ರೂ ಸಾಕು.

ಅದನ್ನು ತಿದ್ದಿ ಗಿಟ್‌ನಲ್ಲಿ ಕಮಿಟ್ ಮಾಡುವಾಗ, ಅಂದ್ರೆ ಬದಲಾವಣೆ ದಾಖಲಿಸುವಾಗ, ಮೈನಸ್ ಎಸ್ (-s) ಹಾಕ್ಲಿಕ್ಕೆ ಮರೀಬೇಡಿ, ಅದು ನಿಮ್ಮ ಹೆಸ್ರಲ್ಲಿ ಸೈನ್ಡ್ ಆಫ್ ಬೈ ಅಂತ ಒಂದು ಸಾಲು ಸೇರಿಸ್ತದೆ, ಅಂದ್ರೆ ಈ ಕೋಡ್ ಕೊಡ್ಲಿಕ್ಕೆ ನನಗೆ ಹಕ್ಕು ಉಂಟು ಅಂತ ನೀವು ಸಹಿ ಹಾಕಿದ ಹಾಗೆ, ಅದಿಲ್ಲದ ಪ್ಯಾಚ್ ತಗೊಳ್ಳುದೇ ಇಲ್ಲ. ಬರೆದ ಶೈಲಿಯ ತಪ್ಪು ತೋರಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿ, ಯಾರಿಗೆ ಕಳ್ಸುದು ಅಂತ ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಹೇಳ್ತದೆ. ಗಿಟ್‌ಹಬ್ ಪುಲ್ ರಿಕ್ವೆಸ್ಟ್ ಅಲ್ಲಿ ನಡೆಯುದಿಲ್ಲ ಮಾರಾಯ್ರೇ, ಗಿಟ್ ಸೆಂಡ್ ಈಮೇಲ್ ಅನ್ನುವ ಕಮಾಂಡಲ್ಲಿ ಪ್ಲೇನ್ ಟೆಕ್ಸ್ಟ್ ಆಗಿಯೇ ಹೋಗ್ಬೇಕು.

ಕಳ್ಸಿದ ಮೇಲೆ ಕಮ್ಮಿಯಲ್ಲಿ ಒಂದು ವಾರ ಕಾಯಿರಿ, ಅಷ್ಟರೊಳಗೆ ಪುನಃ ಕಳ್ಸುದು ಬೇಡ. ತಿದ್ದಿ ಅಂದ್ರೆ ಬೇಜಾರ್ ಮಾಡ್ಬೇಡಿ, ತಿದ್ದಿ ವಿ2 (ಎರಡನೇ ವರ್ಶನ್) ಅಂತ ಹಾಕಿ ಕಳ್ಸಿ.

ಇಷ್ಟು ಅಭ್ಯಾಸ ಆದ್ರೆ ಲಿನಕ್ಸ್ ಫೌಂಡೇಶನ್‌ನವರ ಎಲ್‌ಎಫ್‌ಎಕ್ಸ್ ಮೆಂಟರ್‌ಶಿಪ್‌ಗೆ (ಅನುಭವಿಗಳ ಜೊತೆ ಕೆಲ್ಸ ಕಲಿಯುವ ಕಾರ್ಯಕ್ರಮ) ಧೈರ್ಯದಲ್ಲಿ ಅಪ್ಲೈ ಮಾಡಿ, ಅದರಲ್ಲಿ ಕೆಲವಕ್ಕೆ ಸ್ಟೈಪೆಂಡ್ ಸಹ ಉಂಟು.